ಅಂಜುವ ಕೈ

ಡಾ. ಅನಂತ ನಾಡಿಗೇರ ತಮ್ಮ ಮೊಣಕೈಯಿಂದ ನಿಯಂತ್ರಣ ಫಲಕದ ಕೆಂಪು ಗುಂಡಿಯನ್ನು ಬಲವಾಗಿ ಗುದ್ದಿದರು. ರಬ್ಬರ್ ನಾದುವ ಎರಡು ಭಾರೀ ಉರುಳೆಗಳು ನಿಲ್ಲಲಿಲ್ಲ. ಗುಂಡಿಯ ಸುತ್ತ ಹಳದಿ ದೀಪವೊಂದು ಬೆಳಗಿ ಆರಿತು, ಅಷ್ಟೆ. ಹುಬ್ಬಳ್ಳಿಯ ಹೊರವಲಯದ ಆ ಟೈರ್ ಕಾರ್ಖಾನೆಯ ಅಧಿಕಾರಿಗಳೆಲ್ಲ ಚಪ್ಪಾಳೆ ತಟ್ಟಿದರು.

ಅದು ಅವರು ರೂಪಿಸಿದ್ದ ‘ಭಾವಗ್ರಾಹಿ ಗುಂಡಿ’. ಹಳೆಯ ಗುಂಡಿಗೆ ಯಾರದೋ ಭುಜ ತಗುಲಿದರೂ ಯಂತ್ರ ನಿಂತುಬಿಡುತ್ತಿತ್ತು. ಉರುಳೆಗಳ ನಡುವೆ ಗಟ್ಟಿಯಾದ ರಬ್ಬರನ್ನು ಕೆರೆದು ತೆಗೆಯುವುದರಲ್ಲೇ ಇಡೀ ಪಾಳಿ ಕಳೆಯುತ್ತಿತ್ತು. ಹೊಸ ಗುಂಡಿಯೊಳಗಿನ ಸಂವೇದಕಗಳು ಒತ್ತಿದ ಕೈಯ ನಾಡಿ, ಬೆವರು, ನಡುಕಗಳನ್ನು ರೆಪ್ಪೆ ಬಡಿಯುವಷ್ಟರಲ್ಲಿ ಅಳೆಯುತ್ತಿದ್ದವು. ನಿಜವಾಗಿ ಹೆದರಿದ ಕೈಯಾದರೆ ಹಸಿರು ದೀಪ ಹೊತ್ತಿ ಯಂತ್ರ ನಿಲ್ಲುವುದು. ಇಲ್ಲದಿದ್ದರೆ ಹಳದಿ.

“ಹೆದರಲಾರದವರು ಒತ್ತಿದ್ರ ಏನ್ರೀ ಸರ?” ಯಂತ್ರ ನಡೆಸುವ ದ್ರಾಕ್ಷಾಯಣಿ ಕೇಳಿದಳು.

“ಅಪಾಯ ಕಣ್ಣಮುಂದ ನಿಂತಾಗ ಹೆದರಲಾರದ ಮನುಷ್ಯರು ಇರ್ತಾರೇನ್ರಿ?” ಎಂದು ನಾಡಿಗೇರರು ನಕ್ಕರು.

ಕೆಲವು ತಿಂಗಳ ನಂತರ ಅವರು ಗುಂಡಿಯ ಅಳತೆಗಳನ್ನು ನೋಡಲು ಮತ್ತೆ ಬಂದಿದ್ದ ಮಧ್ಯಾಹ್ನ, ರಬ್ಬರ್ ಹಾಳೆ ಸರಿಪಡಿಸುತ್ತಿದ್ದ ಮೌಲಾಸಾಬನ ಕೈಗವಸು ಉರುಳೆಗೆ ಸಿಕ್ಕಿಕೊಂಡಿತು. ಹಾಳೆಯ ಜೊತೆಗೇ ಅವನ ಬಲಗೈಯೂ ಒಳಸರಿಯತೊಡಗಿತು.

ದ್ರಾಕ್ಷಾಯಣಿ ಒಂದೇ ನೆಗೆತಕ್ಕೆ ಗುಂಡಿ ಒತ್ತಿದಳು. ಹಳದಿ. ಮತ್ತೆ ಒತ್ತಿದಳು. ಹಳದಿ.

“ಅಕ್ಕಾ! ನಿಲ್ಲಸ ಅಕ್ಕಾ!” ಮೌಲಾಸಾಬ ಚೀರಿದ.

ಅವಳ ಎದೆಯೊಳಗೆ ಕಿರುಚಾಟವೇ ನಡೆದಿತ್ತು. ಆದರೆ ಇಷ್ಟು ವರ್ಷ ಈ ಉರುಳೆಗಳ ಮುಂದೆ ನಿಂತು, ಎಂಥ ಹೊತ್ತಿನಲ್ಲೂ ಗಡಬಡಿಸಬಾರದೆಂದು ಅವಳೇ ಪಳಗಿಸಿದ ಕೈ ಅದು. ನಡುಗು, ನಡುಗು ಎಂದು ಬೇಡಿಕೊಂಡರೂ ಅದು ಕಲ್ಲಿನಂತೆ ನಿಶ್ಚಲವಾಗಿತ್ತು. ಅವಳು ತಿರುಗಿ ನೋಡಿದಳು. ನಾಡಿಗೇರರು ಗೋಡೆಗೆ ಒರಗಿ, ಮುಖ ಮುಚ್ಚಿಕೊಂಡು ಗಡಗಡ ನಡುಗುತ್ತಿದ್ದರು. ಅವರ ರಟ್ಟೆ ಹಿಡಿದು ದರದರ ಎಳೆತಂದು, ಅವರ ಅಂಗೈಯನ್ನೇ ಗುಂಡಿಯ ಮೇಲೆ ಅದುಮಿದಳು.

ಹಸಿರು ದೀಪ ಹೊತ್ತಿತು. ಉರುಳೆಗಳು ನಿಂತವು.

ಮೌಲಾಸಾಬನ ಜೀವ ಉಳಿಯಿತು. ಬಲಗೈ ಮುಂಗೈವರೆಗೆ ಹೋಯಿತು. ಆ ಗುಂಡಿಗಳನ್ನು ಕಿತ್ತುಹಾಕಿ ಎಂದು ನಾಡಿಗೇರರೇ ಅಂಗಲಾಚಿದರು. ಆಡಳಿತ ಮಂಡಳಿ ಒಪ್ಪಲಿಲ್ಲ. ಗುಂಡಿ ಸರಿಯಾಗಿಯೇ ಕೆಲಸ ಮಾಡಿದೆ, ಒತ್ತಿದ ಕೈಯಲ್ಲಿ ಭಯವಿರಲಿಲ್ಲ ಎಂದು ವರದಿಯಾಯಿತು. ಪ್ರತಿ ಫಲಕದ ಪಕ್ಕದಲ್ಲೂ ಬೇಗ ಹೆದರುವವರೊಬ್ಬರನ್ನು ಕೂರಿಸುವುದೆಂದು ತೀರ್ಮಾನವಾಯಿತು. ಆ ಹುದ್ದೆಗೆ ‘ಭಯಪಾಲಕ’ ಎಂಬ ಹೆಸರನ್ನೂ ಇಟ್ಟರು.

ದ್ರಾಕ್ಷಾಯಣಿಯ ಯಂತ್ರಕ್ಕೆ ಬಂದ ಭಯಪಾಲಕ ಮೌಲಾಸಾಬ. ಉರುಳೆಗಳನ್ನು ಕಂಡರೇ ಅವನ ಎಡಗೈ ತರಗೆಲೆಯಂತೆ ಅದುರುತ್ತಿತ್ತು; ಪರೀಕ್ಷೆಯಲ್ಲಿ ಅವನಷ್ಟು ಬೇಗ ಹಸಿರು ದೀಪ ಹೊತ್ತಿಸಿದವರಿರಲಿಲ್ಲ.

“ಇದ ಕೆಲಸ ಯಾಕ ಒಪ್ಪಿದ್ಯೋ ಮೌಲಾ?” ದ್ರಾಕ್ಷಾಯಣಿ ಕೇಳಿದಳು.

“ಒಂದ ಕೈಯವಗ ಬ್ಯಾರೆ ಯಾರ ಕೆಲಸ ಕೊಡ್ತಾರಕ್ಕಾ? ಮನ್ಯಾಗ ಮೂರು ಹುಡುಗ್ರದಾವು.”

ದಿನಾಲೂ ಪಾಳಿಯ ಆರಂಭದಲ್ಲಿ ಮೇಲ್ವಿಚಾರಕರ ಎದುರು ಅವನು ಗುಂಡಿ ಮುಟ್ಟಿ ತೋರಿಸಬೇಕಿತ್ತು. ಆಮೇಲೆ ಬೆವರು ಒರೆಸಿಕೊಳ್ಳುತ್ತ ಕುರ್ಚಿಯಲ್ಲಿ ಕೂರುತ್ತಿದ್ದ. ರಾತ್ರಿ ನಿದ್ದೆ ಹತ್ತುವುದಿಲ್ಲ ಎನ್ನುತ್ತಿದ್ದ. ಅವನನ್ನು ನೋಡಿದಾಗಲೆಲ್ಲ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ, ಅವನು ಮೇಲ್ವಿಚಾರಕರಿಗಿಂತ ಮೊದಲೇ ಬಂದು, ಸುಮ್ಮನೆ ನೋಡೋಣವೆಂದು ಗುಂಡಿ ಒತ್ತಿದ. ಹಳದಿ. ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಮತ್ತೆ ಒತ್ತಿದ. ಹಳದಿಯೇ.

“ಅಕ್ಕಾ,” ಎಂದ ಪಿಸುದನಿಯಲ್ಲಿ, “ನಿನ್ನೆ ರಾತ್ರಿ ಚಲೋ ನಿದ್ದಿ ಹತ್ತಿತ್ತು.”

ಸಂತೋಷಪಡಬೇಕಾದ ಸುದ್ದಿಯದು. ಇಬ್ಬರ ಮುಖವೂ ಬಿಳಿಚಿಕೊಂಡಿತ್ತು. ಕಾರ್ಖಾನೆಯ ಆ ತುದಿಯಲ್ಲಿ ಮೇಲ್ವಿಚಾರಕರ ಬೂಟಿನ ಸದ್ದು ಕೇಳಿಸಿತು.

ದ್ರಾಕ್ಷಾಯಣಿ ಯಂತ್ರ ಚಾಲೂ ಮಾಡಿದಳು. ಅವನ ಎಡಗೈಯನ್ನು ಮೆಲ್ಲಗೆ ತನ್ನ ಕೈಯಲ್ಲಿ ತೆಗೆದುಕೊಂಡು, ತಿರುಗುತ್ತಿದ್ದ ಉರುಳೆಗಳ ಹತ್ತಿರಕ್ಕೆ ಒಯ್ದಳು. ಅದು ನಡುಗತೊಡಗುವವರೆಗೆ ಬಿಡಲಿಲ್ಲ.