ಅತ್ತೆಯ ಬೆನ್ನಿನ ಮಚ್ಚೆ

"ಸ್ವಲ್ಪ ನನ್ನ ಬೆನ್ನು ನೋಡು. ವಾರದಿಂದ ಒಂದೇ ಸಮನೆ ತುರಿಸ್ತಿದೆ."

ಭಾನುವಾರದ ಊಟ. ಮೀನಿನ ಕೆಂಪು ಸಾರು ಇನ್ನೂ ಹಬೆಯಾಡುತ್ತಿತ್ತು. ಅತ್ತೆ ತೆರೇಜ್ ಹಾಗೆ ಕೇಳಿದ್ದೇ ತಡ, ಸೊಸೆ ಎಮೆಶೆ ಚಮಚ ಕೆಳಗಿಟ್ಟಳು. ಅವಳ ಕಿವಿಗೆ ಬಿದ್ದದ್ದು ಬೆನ್ನೂ ಅಲ್ಲ, ತುರಿಕೆಯೂ ಅಲ್ಲ... 'ನೋಡು' ಎಂಬ ಏಕವಚನ!

ಹಂಗೇರಿಯ ನಮ್ಮ ಸೆಗೆದ್ ಊರಿನಲ್ಲಿ ಇದು ಸಣ್ಣ ಮಾತಲ್ಲ. ಇನ್ನು ಮೇಲೆ 'ನೀನು' ಅನ್ನೋಣ ಎಂದು ಹಿರಿಯರೇ ಕರೆದು, ಒಂದು ಗುಟುಕು ಹಣ್ಣಿನ ಬ್ರಾಂಡಿ ಕುಡಿಸಿ, ಕೆನ್ನೆಗೆ ಮುತ್ತಿಡಬೇಕು. ಆ ಶಾಸ್ತ್ರವಿಲ್ಲದ 'ನೀನು' ಕೆಲಸದವಳಿಗೆ ಹೇಳುವ 'ನೀನು'. ತೆರೇಜ್ ಮದುವೆಯಾದಾಗಿನಿಂದ ಸೊಸೆಯನ್ನು 'ನೀವು' ಎಂದೇ ಕರೆದು ದೂರ ಇಟ್ಟಿದ್ದಳು. ಆ ಬಹುವಚನದಲ್ಲಿ ಗೌರವ ಹುಡುಕಿದರೂ ಸಿಗುತ್ತಿರಲಿಲ್ಲ ಬಿಡಿ! ನಿಮ್ಮ ಕೋಶಗಳಿಗೆ ಭಾನುವಾರವೂ ಹೊತ್ತುಹೊತ್ತಿಗೆ ಊಟ, ನನ್ನ ಮಗನಿಗೆ ನಿನ್ನೆಯ ಬ್ರೆಡ್ಡು ಎಂದು ನೆಂಟರೆದುರೇ ಚುಚ್ಚುತ್ತಿದ್ದಳು.

ಕೋಶಗಳೆಂದರೆ ಚರ್ಮದ ಕ್ಯಾನ್ಸರಿನ ಜೀವಕೋಶಗಳು. ಎಮೆಶೆ ಅವನ್ನು ಪ್ರಯೋಗಾಲಯದ ತಟ್ಟೆಗಳಲ್ಲಿ ಸಾಕುತ್ತಿದ್ದಳು. ಹಿಸ್ಟಮಿನ್ ಎಂದರೆ ತುರಿಕೆ, ಸೀನು ತರುವ ವಸ್ತು ಎಂದಷ್ಟೇ ಊರಿಗೆ ಗೊತ್ತು. ಆ ಕೋಶಗಳು ಅದನ್ನು ತಾವೇ ತಯಾರಿಸಿಕೊಳ್ಳುತ್ತವೆ. ಅದರ ಬಲದಿಂದಲೇ ಬೆಳೆಯುತ್ತವೆಯೇ, ಅದನ್ನು ತಡೆದರೆ ಸೊರಗುತ್ತವೆಯೇ ಎಂಬುದೇ ಅವಳ ಸಂಶೋಧನೆ. ಅಂಥವಳ ಎದುರಿಗೇ ಅತ್ತೆ ಬೆನ್ನು ತುರಿಸುತ್ತದೆ ಎಂದಳು... ವಿಧಿ ಇನ್ನೆಷ್ಟು ಬಾಯಿಬಿಟ್ಟು ಹೇಳಬೇಕಿತ್ತು?

ಆದರೆ ಆ ಏಕವಚನಕ್ಕೆ ಅವಳ ಮನಸ್ಸು ಮುರಿದಿತ್ತು. ಕಳೆಗಿಡದ ಪರಾಗ ಹಾರುವ ಕಾಲ ಬೇರೆ, ಊರಿಗೆ ಊರೇ ಸೀನುತ್ತಿತ್ತು. ಎಮೆಶೆ ಚೀಲದಿಂದ ಅಲರ್ಜಿಯ ಮಾತ್ರೆ ತೆಗೆದು ಅತ್ತೆಯ ತಟ್ಟೆಯ ಪಕ್ಕ ಇಟ್ಟಳು. ಪರಾಗದ ತುರಿಕೆ ಇರಬೇಕು, ತಗೊಳ್ಳಿ ಎಂದು ಹೇಳಿ, ಪ್ರಯೋಗಾಲಯಕ್ಕೆ ಸೈಕಲ್ ಹತ್ತಿದಳು. ಗಂಡ ಆರ್ಪಾದ್ ಆಗ ಅಡುಗೆಮನೆಯಲ್ಲಿ ಬ್ರೆಡ್ಡು ಕೊಯ್ಯುತ್ತಿದ್ದ. ಅವನಿಗೆ ಇದೊಂದೂ ಕೇಳಿಸಲಿಲ್ಲ.

ಮಾತ್ರೆಗೆ ತುರಿಕೆ ತಗ್ಗಿತು. ತೆರೇಜ್ ಮತ್ತೆ ಕೇಳಲಿಲ್ಲ, ಎಮೆಶೆಯೂ ವಿಚಾರಿಸಲಿಲ್ಲ. ಹಿಮ ಬೀಳುವ ಹೊತ್ತಿಗೆ ಮುದುಕಿಯ ಕಂಕುಳಲ್ಲಿ ಗಂಟು ಎದ್ದಿತು. ವೈದ್ಯರು ಅಂಗಿ ತೆಗೆಸಿ ನೋಡಿದರೆ ಬೆನ್ನ ಮೇಲೆ ಅಂಚು ಹರಿದ ಕಪ್ಪು ಮಚ್ಚೆ. ಅಷ್ಟರಲ್ಲಿ ರೋಗ ಶ್ವಾಸಕೋಶಕ್ಕೂ ಇಳಿದಿತ್ತು.

ಆಸ್ಪತ್ರೆಯ ಹಾಸಿಗೆಯ ಬಳಿ ಆರ್ಪಾದ್ ತಡೆಯಲಾರದೆ ಕೇಳಿದ. "ಮನೇಲೇ ಇದನ್ನ ಓದಿದ ಸೊಸೆ ಇದ್ಳು. ಒಂದು ಮಾತು ಹೇಳೋಕೇನಾಗಿತ್ತಮ್ಮ ನಿಂಗೆ?"

ಎಮೆಶೆ ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆಯ ಒಣಗಿದ ಕೈ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು.

"ಯಾರಿಗೂ ತೋರಿಸ್ಲಿಲ್ಲ ಕಣೋ. ನಾಚಿಕೆ ಆಯ್ತು," ಎಂದಳು ತೆರೇಜ್.

ಅವನು ವೈದ್ಯರನ್ನು ಕಾಣಲು ಹೊರಗೆ ಹೋದ ಮೇಲೆ ಮುದುಕಿ ಸೊಸೆಯ ಕಡೆ ಹೊರಳಿದಳು. "ಅವತ್ತು ನಾನು ನಿನ್ನನ್ನ ಕೀಳು ಮಾಡಿ ಮಾತಾಡಿದ್ದಲ್ಲ, ಮಗಳೇ. ಬ್ರಾಂಡಿ ಸುರಿದು ಶಾಸ್ತ್ರ ಮಾಡೋಕೆ ನಂಗೆ ಬಿಗುಮಾನ. ಭಯ ಆಗಿತ್ತು... ಹೆತ್ತ ಮಗಳನ್ನ ಕೇಳೋ ಹಾಗೆ ಬಾಯಿಗೆ ಬಂದ್ಬಿಡ್ತು."

ಎಮೆಶೆ ಆ ಕೈಯ ಮೇಲೆ ಹಣೆಯಿಟ್ಟು ಬಿಕ್ಕಿದಳು. ಅಯ್ಯೋ, ಎಂಥ ಮಾತನ್ನು ಎಂಥ ಮಾತೆಂದು ತಿಳಿದುಬಿಟ್ಟಳು! ಅತ್ತೆ ಅವಳ ತಲೆ ಸವರಿದಳು. "ಅವನಿಗೆ ಹೇಳ್ಬೇಡ. ನಾನಂತೂ ಹೊರಟೆ. ಅವನಿಗೆ ನೀನಾದ್ರೂ ಉಳೀಬೇಕಲ್ಲ."

ಮಣ್ಣು ಮಾಡಿ ಬಂದ ಸಂಜೆ ಇಬ್ಬರೇ ಅಡುಗೆಮನೆಯಲ್ಲಿ ಕುಳಿತರು. ಆರ್ಪಾದನ ದುಃಖ ಸಿಟ್ಟಾಗಿ ಅಮ್ಮನ ಮೇಲೇ ತಿರುಗಿತ್ತು. ಹಟಮಾರಿ ಹೆಂಗಸು, ತನ್ನ ಸಾವನ್ನು ತಾನೇ ತಂದುಕೊಂಡಳು, ನಮ್ಮನ್ನು ಹೊರಗಿನವರ ಹಾಗೆ ನೋಡಿದಳು ಎಂದು ಹಲುಬುತ್ತಲೇ ಇದ್ದ. ಸುಮ್ಮನಿದ್ದಿದ್ದರೆ ಎಮೆಶೆಯ ಸಂಸಾರ ಉಳಿಯುತ್ತಿತ್ತು. ಆದರೆ ಆ ಬೈಗುಳ ಸತ್ತವಳಿಗೆ ಸಲ್ಲತಕ್ಕದ್ದಲ್ಲ ಎಂದು ಬಲ್ಲವಳು ಈ ಭೂಮಿಯ ಮೇಲೆ ಅವಳೊಬ್ಬಳೇ.

"ನಂಗೆ ತೋರಿಸೋಕೆ ಬಂದಿದ್ರು, ಆರ್ಪಾದ್. ನಾನು ನೋಡ್ಲಿಲ್ಲ."

ಎಲ್ಲವನ್ನೂ ಹೇಳಿದಳು. ಏಕವಚನ, ಮಾತ್ರೆ, ಸೈಕಲ್... ಆಸ್ಪತ್ರೆಯಲ್ಲಿ ಅತ್ತೆ ಹೇಳಿದ ಸುಳ್ಳನ್ನೂ ಬಿಡಲಿಲ್ಲ.  ಆರ್ಪಾದ್ ತಗ್ಗಿದ ದನಿಯಲ್ಲಿ ಒಂದೇ ಒಂದು ಮಾತು ಕೇಳಿದ.

"ನೋಡೋಕೆ ಎಷ್ಟು ಹೊತ್ತು ಬೇಕಾಗಿತ್ತು?"

"ಒಂದು ನಿಮಿಷ."

ಅವನು ಎದ್ದು ಅಮ್ಮನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಒಳಗಿನಿಂದ ಅಳು ಕೇಳಿಸಿತು. ಎಮೆಶೆ ಬಾಗಿಲವರೆಗೆ ಹೋದಳು, ತಟ್ಟಲು ಕೈ ಬರಲಿಲ್ಲ.