ಗೇಟಿನ ಮುಂದೆ ನಿಲ್ಲಿಸಿದ ಕಾರು

"ಡ್ರೈವರ್ ಎಲ್ಲಿ ಅದಾನ?"

ಹಿರೇಹಡಗಲಿಯ ಆ ಮನೆಯ ಕಟ್ಟೆ ಇಳಿದು ಬಂದ ಯುವಕ, ಬಿಳಿ ಅಂಬಾಸಿಡರ್ ಕಾರಿನ ಸುತ್ತ ಕಣ್ಣಾಡಿಸಿ ಕೇಳಿದ.

ಸ್ಟೇರಿಂಗ್ ಹಿಂದೆ ಕೂತಿದ್ದ ಸುಕನ್ಯಾ ಕೆಳಗಿಳಿದು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾನೇರಿ."

ಅವನು ನಕ್ಕುಬಿಟ್ಟ. ಅವಳು ನಗಲಿಲ್ಲ. ಅವನ ನಗು ಅರ್ಧಕ್ಕೇ ನಿಂತಿತು.

ಹಿಂದಿನಿಂದ ಬಂದ ಅವನ ತಾಯಿ ಕೊಟ್ರಬಸಮ್ಮ ಮಾತ್ರ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ ಶಿವನ! ಹೆಣ್ಣುಡುಗಿ ಕೈಯಾಗ ಜೀವ ಕೊಟ್ಟು ಬೆಂಗಳೂರಿಗೆ ಹೋಗೂದಾ? ನಮ್ಮ ಪ್ರವೀಣಗ ಹೆಣ್ಣು ನೋಡಾಕ ಹೊಂಟೀವಿ, ಸಾಯಾಕಲ್ಲ!"

ಸುಕನ್ಯಾಳ ಕಿವಿ ಬಿಸಿಯಾಯಿತು. ಕೊಟ್ಟೂರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವಳ ಅಪ್ಪ ಬೆನಕಪ್ಪನ ಹೆಸರು ಕೇಳದವರಿಲ್ಲ. ಲಕ್ವ ಹೊಡೆದು ಅಪ್ಪನ ಬಲಗಾಲು ಸೋತ ಮೇಲೆ ಕಾರು ಮಾರುವ ಮಾತು ಬಂದಾಗ, ಕೀ ಕಿತ್ತುಕೊಂಡವಳು ಅವಳು. ಬ್ಯಾಡ್ಜ್ ಇತ್ತು, ಲೈಸೆನ್ಸ್ ಇತ್ತು. ಆದರೂ ಪ್ರತಿ ಮನೆಯ ಮುಂದೆಯೂ ಇದೇ ಮಾತು!

"ನಂಬಿಕಿ ಇದ್ರ ಹತ್ರಿ, ಇಲ್ಲಂದ್ರ ಬಿಡ್ರಿ. ನಾ ವಾಪಸ್ ಹೊಕ್ಕೀನಿ."

ಅವಳು ಬಾಗಿಲು ತೆಗೆದೇಬಿಟ್ಟಳು. ಪ್ರವೀಣಕುಮಾರ್ ಓಡಿ ಬಂದು ಬಾಗಿಲಿಗೆ ಕೈ ಅಡ್ಡ ಇಟ್ಟ.

"ನಿಲ್ರಿ... ಹತ್ತು ಅವ್ವಾ. ಲಗ್ನದ ದಿನಮಾನ, ಬ್ಯಾರೆ ಗಾಡಿ ಸಿಗಂಗಿಲ್ಲ."

'ಬ್ಯಾರೆ ಗಾಡಿ ಸಿಗಂಗಿಲ್ಲ ಅಂತ ನನ್ನ ಗಾಡಿ ಬೇಕಾ!' ಸುಕನ್ಯಾ ಹಲ್ಲು ಕಚ್ಚಿಕೊಂಡು ಸ್ಟಾರ್ಟ್ ಮಾಡಿದಳು.

ಹರಪನಹಳ್ಳಿ ದಾಟುವವರೆಗೂ ಹಿಂದಿನ ಸೀಟಿನಿಂದ ಒಂದೇ ಸಮ ಹೇಳಿಕೆ. "ಮೆಲ್ಲಕ ಹೋಗವ್ವ... ಲಾರಿ ಬಂತು ನೋಡವ್ವ... ಎಮ್ಮಿ ಐತಿ ನೋಡವ್ವ..." ಎಮ್ಮೆ ಸುಕನ್ಯಾಳಿಗೂ ಕಾಣುತ್ತಿತ್ತು.

ಮುಂದಿನ ಸೀಟಿನಲ್ಲಿ ಕೂತ ಪ್ರವೀಣ ಮಾತ್ರ ಅವಳ ಕೈಗಳನ್ನೇ ನೋಡುತ್ತಿದ್ದ. ಎಷ್ಟು ಹಗುರವಾಗಿ ಗೇರು ಬೀಳುತ್ತಿತ್ತು! ಊರಲ್ಲಿ ಬೀಜ, ಗೊಬ್ಬರದ ಅಂಗಡಿ ನಡೆಸುತ್ತಿದ್ದ ಅವನಿಗೆ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿ ಗೊತ್ತಿತ್ತು ಅಷ್ಟೇ.

ಚಿತ್ರದುರ್ಗದ ಹತ್ತಿರ ಹೋಟೆಲ್ಲಿನ ಮುಂದೆ ನಿಲ್ಲಿಸಿದಾಗ ಅವಳು ಕಾರು ಬಿಟ್ಟು ಇಳಿಯಲಿಲ್ಲ. ಅವನೇ ಚಹಾದ ಗ್ಲಾಸು ಹಿಡಿದು ಬಂದ.

"ಅವ್ವನ ಮಾತು ಮನಸಿಗೆ ಹಚ್ಕೋಬ್ಯಾಡ್ರಿ. ನೀವು ಭಾಳ ಚಲೋ ಹೊಡಿತೀರಿ. ಬೆಳಿಗ್ಗೆ ನಕ್ಕಿದ್ದು... ನನ್ನ ತಪ್ಪು."

ಸುಕನ್ಯಾ ತಲೆ ಎತ್ತಿದಳು. ಗಿರಾಕಿಗಳಲ್ಲಿ ಯಾರೂ ಇದುವರೆಗೆ ತಪ್ಪಾಯಿತು ಅಂದಿರಲಿಲ್ಲ. ಚಹಾ ಇಸಿದುಕೊಳ್ಳುವಾಗ ಬೆರಳು ತಾಗಿತು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

'ಹೆಣ್ಣು ನೋಡಾಕ ಹೊಂಟಾನ ಇವ... ನಂಗೇನಾಗೇತಿ!' ಎಂದು ತನ್ನನ್ನೇ ಬೈದುಕೊಂಡಳು.

ಬೆಂಗಳೂರು ಅವರನ್ನು ನುಂಗಿತು. ಮುಂದೆ ಬಸ್ಸು, ಹಿಂದೆ ಲಾರಿ, ಸಂದಿಯಲ್ಲಿ ಆಟೋ. ಯಶವಂತಪುರದ ಬಳಿ ಒಂದು ಆಟೋದವನು ಅಡ್ಡ ತೂರಿ, "ಏಯ್, ಅಡಿಗೆ ಮನೇಲಿ ಇರಮ್ಮ!" ಎಂದು ಕೂಗಿ ಹೋದ. ಪ್ರವೀಣ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಿನ್ನ ಗಾಡಿ ನೆಟ್ಟಗ ಹೊಡಿ ಮೊದ್ಲು!" ಎಂದು ಕೂಗಿದ.

ಸುಕನ್ಯಾಳಿಗೆ ಆ ಗದ್ದಲದಲ್ಲೂ ನಗು ಬಂತು. ಮನಸ್ಸು ಅವನ ಕಡೆ ಒಂದಿಷ್ಟು ವಾಲಿತು. ಅದಕ್ಕೇ ಮುಂದೆ ನಡೆದದ್ದು ಅಷ್ಟು ನೋಯಿಸಿತು.

ಹೆಣ್ಣಿನ ಮನೆ ರಾಜಾಜಿನಗರದ ಒಂದು ಕಿರಿದಾದ ಓಣಿಯಲ್ಲಿತ್ತು. ಓಣಿ ಕೊನೆಗೆ ಒಂದು ಗೋಡೆಗೆ ಮುಗಿಯುತ್ತಿತ್ತು. ಎರಡೂ ಬದಿ ಸ್ಕೂಟರುಗಳು, ಕಾರುಗಳು. ಗೋಡೆಯ ಹತ್ತಿರ ಮಾತ್ರ ಖಾಲಿ ಜಾಗ. ಆದರೆ ಅಲ್ಲಿ ಪಕ್ಕದ ಮನೆಯವರ ಗೇಟು.

"ಇಲ್ಲಿ ಬ್ಯಾಡ್ರಿ, ಗೇಟಿಗೆ ಅಡ್ಡ ಆಕ್ಕೈತಿ. ಮೇನ್ ರೋಡಿಗೆ ಹೋಗಿ ನಿಲ್ಲಿಸ್ತೀನಿ."

"ಬ್ಯಾಡ!" ಕೊಟ್ರಬಸಮ್ಮ ಗಡಬಡಿಸಿ ಅಂದಳು. "ಇಲ್ಲೇ, ಗ್ವಾಡಿಗೆ ಮೂತಿ ಹಚ್ಚಿ ನಿಲ್ಸು. ಹಳದಿ ಬೋರ್ಡು ಕಾಣಬಾರದು."

"ಯಾಕ್ರಿ?"

ಕೊಟ್ರಬಸಮ್ಮ ಆಗಲೇ ಇಳಿದು, ಹಿಂದಿನ ನಂಬರ್ ಬೋರ್ಡಿನ ಮೇಲೆ ಇಳಿಬೀಳುವಂತೆ ಡಿಕ್ಕಿಗೆ ಟವೆಲ್ ಸಿಕ್ಕಿಸುತ್ತಿದ್ದಳು. ಆಗ ಸುಕನ್ಯಾಳಿಗೆ ಅರ್ಥವಾಯಿತು. ತಮಗೆ ಸ್ವಂತ ಕಾರು ಇದೆ ಎಂದು ಹೆಣ್ಣಿನ ಕಡೆಯವರಿಗೆ ಹೇಳಿದ್ದಾರೆ!

"ಕೀ ಇಲ್ಲಿ ಕೊಡವ್ವ. ನೀನೂ ಒಳಗ ಬಾ. ಹೊರಗ ನಿಂತ್ರ ಯಾರರ ಕೇಳ್ತಾರ."

ಸುಕನ್ಯಾ ಪ್ರವೀಣನ ಮುಖ ನೋಡಿದಳು. ಅವನು ಅಂಗಿಯ ತೋಳು ಸರಿಮಾಡಿಕೊಳ್ಳುತ್ತಿದ್ದ. ಏನಾದರೂ ಅಂದಾನು ಎಂದು ಕಾದಳು. ಅನ್ನಲಿಲ್ಲ. ಕೀ ಕೊಟ್ಟಳು.

ಒಳಗೆ ಹೆಣ್ಣಿನ ತಂದೆ ವೀರಭದ್ರಯ್ಯ ಎದ್ದು ಬರಮಾಡಿಕೊಂಡರು. ಹರಪನಹಳ್ಳಿಯಿಂದ ಬಂದು ಇಲ್ಲಿ ನೆಲೆಸಿದ ಮನುಷ್ಯ. "ದಾರಿ ಸಲೀಸಾಯ್ತಾ? ಪ್ರವೀಣ್ ಅವರೇ ಓಡಿಸ್ಕೊಂಡು ಬಂದ್ರಾ?"

"ಹೌದ್ರಿ, ನಮ್ಮ ಕಾರು ಇವನ ಬಿಟ್ರ ಯಾರೂ ಮುಟ್ಟಂಗಿಲ್ಲ," ಎಂದಳು ಕೊಟ್ರಬಸಮ್ಮ.

"ಈಕೆ ಯಾರು?"

"ಇಕಿನಾ? ನಮ್ಮ ಮನಿಕೆಲಸದಾಕಿ. ದಾರ್‍ಯಾಗ ನನಗ ಆಸರಾಗಲಿ ಅಂತ ಕರ್ಕೊಂಡ್ ಬಂದೆ."

ಸುಕನ್ಯಾಳ ಮೈಯೆಲ್ಲ ಉರಿಯಿತು. ಮನೆಕೆಲಸ ಮಾಡಿ ಬದುಕುವುದು ಅವಳಿಗೆ ಅವಮಾನವಾಗಿರಲಿಲ್ಲ. ಅವಳ ಅಕ್ಕಪಕ್ಕದ ಎಷ್ಟೋ ಹೆಂಗಸರು ಅದನ್ನೇ ಮಾಡಿ ಮಕ್ಕಳನ್ನು ಓದಿಸಿದ್ದರು. ಆದರೆ ಬೆಳಗಿನಿಂದ ಈ ಇಬ್ಬರ ಜೀವ ಕೈಯಲ್ಲಿ ಹಿಡಿದು ತಂದದ್ದು ಸುಳ್ಳಾಯಿತಲ್ಲ!

ಅವಳು ಮತ್ತೆ ಪ್ರವೀಣನನ್ನು ನೋಡಿದಳು. ಅವನು ತಲೆ ತಗ್ಗಿಸಿದ.

'ಚಹಾ ತಂದು ಕೊಟ್ಟಾಗ ಬಾಯಿ ಇತ್ತಲ್ಲ... ಈಗ ಎಲ್ಲಿ ಹೋತು?'

ಅಷ್ಟರಲ್ಲಿ ಹೊರಗೆ ಗೇಟು ಬಡಿದ ಸದ್ದು.

"ಯಾರ್ರೀ ಇದು ಗಾಡಿ! ಮನೆ ಮುಂದೆ ನಿಲ್ಲಿಸೋಕೆ ನಿಮ್ಮಪ್ಪನ ಜಾಗಾನಾ? ನಾನು ಗಾಡಿ ಹೊರಗೆ ತೆಗೆಯೋದು ಬೇಡ್ವಾ?"

ವೀರಭದ್ರಯ್ಯ ಮುಜುಗರಪಟ್ಟುಕೊಂಡರು. "ಪ್ರವೀಣ್ ಅವರೇ, ಸ್ವಲ್ಪ ಗಾಡಿ ಹಿಂದಕ್ಕೆ ತೆಗೀತೀರಾ?"

ಸುಕನ್ಯಾ ಎದ್ದಳು. ಕೊಟ್ರಬಸಮ್ಮ ಅವಳ ರಟ್ಟೆ ಹಿಡಿದು ಕೂರಿಸಿದಳು. "ನೀ ಕುಂದ್ರು! ಅವನೇ ತೆಗಿತಾನ."

ಪ್ರವೀಣ ಕೀ ಹಿಡಿದು ಹೊರಟ. ಟ್ರ್ಯಾಕ್ಟರ್ ಓಡಿಸಿದವನಿಗೆ ಇಷ್ಟು ಬರದೇ ಇದ್ದೀತೇ ಎಂದುಕೊಂಡನೋ, ಎಲ್ಲರೂ ನೋಡುತ್ತಿದ್ದಾರೆ ಎಂದು ಹೆದರಿದನೋ... ಹಿಂದಕ್ಕೆ ಹೋಗಬೇಕಾದ ಕಾರು ಮುಂದಕ್ಕೆ ನೆಗೆಯಿತು.

ಧಡ್!

ಸುಕನ್ಯಾ ಕೊಟ್ರಬಸಮ್ಮನ ಕೈ ಕೊಡವಿಕೊಂಡು ಹೊರಗೆ ಓಡಿದಳು. ಹೆಡ್‌ಲೈಟಿನ ಗಾಜು ಗೋಡೆಯ ಬುಡದಲ್ಲಿ ಪುಡಿಯಾಗಿ ಬಿದ್ದಿತ್ತು. ಬಾನೆಟ್ ಮಡಚಿಕೊಂಡಿತ್ತು. ಅಪ್ಪ ಸೋತ ಕಾಲೆಳೆದುಕೊಂಡು ದಿನಾ ಬೆಳಿಗ್ಗೆ ಒರೆಸುವ ಕಾರು!

ಓಣಿಯವರೆಲ್ಲ ಹೊರಗೆ ಬಂದಿದ್ದರು. ಕೊಟ್ರಬಸಮ್ಮ ಬಾಗಿಲಲ್ಲಿ ನಿಂತು, "ಈಕಿನೇ ಗಾಡಿ ಒಳಗ ಕುಂತು ಏನೋ ತಿರುವಿ ಕೆಡಿಸ್ಯಾಳ! ಇಲ್ಲಂದ್ರ ನನ್ನ ಮಗ..." ಎಂದು ಶುರು ಮಾಡಿದಳು.

ಸುಕನ್ಯಾ ಪ್ರವೀಣ ಕೂತಿದ್ದ ಬಾಗಿಲ ಬಳಿ ಹೋಗಿ ನಿಂತಳು. ಅವನ ಮುಖ ಬಿಳಿಚಿಕೊಂಡಿತ್ತು. ಕೈ ಇನ್ನೂ ಸ್ಟೇರಿಂಗ್ ಮೇಲೇ ಇತ್ತು.

"ಇಳೀರಿ," ಎಂದಳು.

"ಸುಕನ್ಯಾ ಅವರ..."

"ನನ್ನ ಗಾಡಿಯಿಂದ ಇಳೀರಿ ಅಂದೆ!"

ಅವಳು ಟವೆಲ್ ಕಿತ್ತೆಸೆದಳು. ಒಂದೇ ಏಟಿಗೆ ರಿವರ್ಸ್ ತೆಗೆದು, ಆ ಸಂದಿಯಲ್ಲಿ ಒಂದು ಸ್ಕೂಟರಿಗೂ ತಾಗದಂತೆ ಕಾರು ಹೊರತಂದು, ಹಿಂತಿರುಗಿ ನೋಡದೆ ಹೊರಟುಹೋದಳು.

ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಅವಳಿಗೇ ಗೊತ್ತಿರಲಿಲ್ಲ. ಎಡಕ್ಕೆ ತಿರುಗಿದರೆ ಒನ್‌ವೇ, ಬಲಕ್ಕೆ ತಿರುಗಿದರೆ ಸಿಗ್ನಲ್. ಒಂದು ಮರದ ಕೆಳಗೆ ನಿಲ್ಲಿಸಿ ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತಳು. ಅಳುವುದಕ್ಕೂ ಬಿಡಲಿಲ್ಲ. ಪೊಲೀಸಿನವನು ಶಿಳ್ಳೆ ಊದುತ್ತ ಬಂದ. "ನೋ ಪಾರ್ಕಿಂಗಮ್ಮ, ತೆಗಿ ತೆಗಿ!"

"ತೆಗಿತೀನ್ರಿ! ಇಡೀ ಊರಾಗ ನಮ್ಮಂಥೋರು ನಿಲ್ಲಾಕ ಜಾಗನ ಇಲ್ಲೇನ್ರಿ?"

ಅವನು ಅವಳ ಕಣ್ಣು ನೋಡಿ, ಶಿಳ್ಳೆ ಕೆಳಗಿಳಿಸಿ, ಸುಮ್ಮನೆ ಕೈಯಾಡಿಸಿದ.

ಅವರನ್ನು ಅಲ್ಲೇ ಬಿಟ್ಟು ಹೋಗಬೇಕೆನಿಸಿತು. ಆಗಲಿಲ್ಲ. ಜಗಳ ಏನೇ ಇರಲಿ, ಹತ್ತಿಸಿಕೊಂಡವರನ್ನು ಊರು ಮುಟ್ಟಿಸಬೇಕು ಎಂದು ಅಪ್ಪ ಕಲಿಸಿದ್ದ. ಅವಳು ಕಾರು ತಿರುಗಿಸಿದಳು.

ತಾಯಿ ಮಗ ಓಣಿಯ ತುದಿಯಲ್ಲಿ ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಬಂದು ಹತ್ತಿದರು.

ತುಮಕೂರು ದಾಟಿದ ಮೇಲೆ ಪ್ರವೀಣ ಬಾಯಿ ತೆರೆದ. "ಒಂದು ಮಾತು ಹೇಳ್ಬೇಕಿತ್ತು..."

"ಮಾತಾಡಿದ್ರ ಇಲ್ಲೇ ಇಳಿಸ್ತೀನಿ!"

ಅವನು ಕಿಟಕಿಯ ಕಡೆ ತಿರುಗಿದ.

ಮನೆಗೆ ಬಂದು ಮಡಚಿದ ಬಾನೆಟ್ ತೋರಿಸಿದಾಗ ಬೆನಕಪ್ಪ ಅದರ ಮೇಲೆ ಕೈಯಾಡಿಸಿ, "ನಿನಗೇನೂ ಆಗಿಲ್ಲಲ್ಲ, ಸಾಕು ಬಿಡು ತಾಯಿ," ಎಂದನಷ್ಟೇ. ಅಪ್ಪ ಬೈದಿದ್ದರೆ ಚೆನ್ನಾಗಿತ್ತು. ಬೈಯದಿದ್ದುದಕ್ಕೆ ಅವಳ ಸಿಟ್ಟು ಇನ್ನೂ ಗಟ್ಟಿಯಾಯಿತು.

ಶ್ರಾವಣ ಕಳೆಯಿತು. ಕಾರು ರಿಪೇರಿಯಾಯಿತು. ಸಿಟ್ಟು ರಿಪೇರಿಯಾಗಲಿಲ್ಲ. ಕೆಲವೊಮ್ಮೆ ಗೇರು ಹಾಕುವಾಗ ಪಕ್ಕದ ಖಾಲಿ ಸೀಟಿನ ಕಡೆ ಕಣ್ಣು ಹೋಗುತ್ತಿತ್ತು. ಆಗಂತೂ ಇನ್ನಷ್ಟು ಸಿಟ್ಟು, ತನ್ನ ಮೇಲೆಯೇ.

ಒಂದು ಮಧ್ಯಾಹ್ನ ಸ್ಟ್ಯಾಂಡಿನಲ್ಲಿ ಜೊತೆಯ ಡ್ರೈವರ್ ಉಚ್ಚಂಗೆಪ್ಪ ಹೇಳಿದ, "ಸುಕನ್ಯವ್ವ, ಹಿರೇಹಡಗಲಿಯೋರು ಬಂದಾರ. ಲಗ್ನದ ಮಾತಿಗಂತ. ನಿನ್ನ ಗಾಡಿನ ಬೇಕಂತಾರ."

ಲಗ್ನ! ಬೆಂಗಳೂರಿನ ಸಂಬಂಧ ಕುದುರಿತು ಹಾಗಾದರೆ. ಅವಳ ಎದೆಯಲ್ಲಿ ಏನೋ ಚುಚ್ಚಿತು. ತಿರುಗಿದರೆ ಎದುರಿಗೆ ಪ್ರವೀಣಕುಮಾರ್. ಬಡವಾಗಿದ್ದ.

"ಮತ್ಯಾಕ ಬಂದ್ರಿ? ಇನ್ನೊಂದು ಲೈಟು ಉಳದೈತಿ, ಅದನ್ನೂ ಒಡಿಯಾಕಾ?"

"ಸುಕನ್ಯಾ ಅವರ, ಒಂದು ಮಾತು ಕೇಳ್ರಿ..."

"ಅವತ್ತು ಆಡ್ಬೇಕಿತ್ತು ಮಾತು! ನಿಮ್ಮವ್ವ ನನ್ನನ್ನ ಅಲ್ಲಗಳದಾಗ ಆಡ್ಬೇಕಿತ್ತು! ಒಡದೋರು ನೀವು, ಕೆಡಿಸಿದಾಕಿ ನಾನಾ? ಹೋಗ್ರಿ, ಆ ಬೆಂಗಳೂರಿನಾಕಿನ್ನ ಲಗ್ನ ಆಗ್ರಿ. ನನ್ನ ಗಾಡಿ ಬರಂಗಿಲ್ಲ!"

ಸ್ಟ್ಯಾಂಡಿನವರೆಲ್ಲ ನೋಡುತ್ತಿದ್ದರು. ಅವನು ಈ ಸಲ ತಲೆ ತಗ್ಗಿಸಲಿಲ್ಲ.

"ಆಡಿದೆ. ತಡ ಮಾಡಿ ಆಡಿದೆ. ನೀವು ಹ್ವಾದ ಮ್ಯಾಲೆ ಆ ಓಣ್ಯಾಗ, ಎಲ್ಲಾರ ಮುಂದ ಹೇಳಿದೆ. ಕಾರು ನಮ್ದಲ್ಲ, ನನಗ ಹೊಡಿಯಾಕ ಬರಂಗಿಲ್ಲ, ನಮ್ಮನ್ನ ಇಲ್ಲಿತನ ತಂದಾಕಿ ಆಕಿ ಅಂತ. ಆ ಸಂಬಂಧ ಅಲ್ಲೇ ಮುಗೀತು."

"ಸುಳ್ಳು!"

"ಸುಳ್ಳಲ್ಲವ್ವ."

ಬಸ್ ಸ್ಟ್ಯಾಂಡಿನ ಕಡೆಯಿಂದ ನಿಧಾನಕ್ಕೆ ನಡೆದು ಬಂದ ಕೊಟ್ರಬಸಮ್ಮ ಮಗನ ಪಕ್ಕ ನಿಂತಳು. ಅಂದಿನ ಬಿಗು ಮುಖದಲ್ಲಿರಲಿಲ್ಲ.

"ನನ್ನ ಮಾನ ಬೀದ್ಯಾಗ ಹರಾಜು ಹಾಕಿದ ಅವತ್ತು. ಎಷ್ಟು ದಿನ ಮಾತು ಬಿಟ್ಟಿದ್ದೆ ಇವನ ಕೂಡ! ನಾವು ನೋಡಾಕ ಹೋದ ಹುಡುಗಿ ಅರ್ಚನಾ, ನಾವು ಹೊರಡಾಗ ನನಗೊಂದು ಮಾತಂದ್ಳು... 'ನಿಮ್ಮ ಮಗ ನನ್ನ ಮುಖ ನೋಡೇ ಇಲ್ಲಮ್ಮ, ಆ ಕಾರು ಹೋದ ದಾರೀನೇ ನೋಡ್ತಾ ನಿಂತಿದ್ರು' ಅಂತ. ಈಗ ಬ್ಯಾರೆ ಹೆಣ್ಣಿನ ಸುದ್ದಿ ತಗದ್ರ ಉಣ್ಣೂದು ಬಿಟ್ಟು ಎದ್ದು ಹೊಕ್ಕಾನ."

ಸುಕನ್ಯಾ ಪ್ರವೀಣನ ಕಡೆ ತಿರುಗಿದಳು.

"ನಿನಗ ಅನ್ನಬಾರದ್ದು ಅಂದೆ ತಾಯಿ. ಮಂದಿ ಮುಂದ ಅಂದಿದ್ದೆ. ಇವತ್ತು ನಿನ್ನ ಸ್ಟ್ಯಾಂಡಿನೋರ ಮುಂದ ತಪ್ಪಾತು ಅಂತೀನಿ." ಕೊಟ್ರಬಸಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ನಿನ್ನನ್ನ ಪ್ರವೀಣಗ ಕೇಳಾಕ ನಿಮ್ಮಪ್ಪಾರ ಹಂತ್ಯಾಕ ಹೋಗಿ ಕುಂತಿರ್ತೀನಿ. ಆತಂದ್ರ ಆತನ್ನು, ಇಲ್ಲಂದ್ರ ಚಾ ಕುಡ್ದು ಬಸ್ಸು ಹತ್ತೀನಿ," ಎಂದು ಬೆನಕಪ್ಪನ ಮನೆ ಕೇಳುತ್ತ ಹೊರಟಳು. ಉಚ್ಚಂಗೆಪ್ಪ ದಾರಿ ತೋರಿಸಲು ಮುಂದಾದ.

ಕಾರಿನ ಹತ್ತಿರ ಇಬ್ಬರೇ ಉಳಿದರು.

"ನಾನು ಹ್ವಾದ ಮ್ಯಾಲೆ ಯಾಕ?" ಸುಕನ್ಯಾ ಕೇಳಿದಳು. "ನಾ ಎದುರಿಗೆ ಇದ್ದಾಗ ಯಾಕ ಆಡ್ಲಿಲ್ಲ?"

"ಅಂಜಿಕಿ. ಅವ್ವನ ಅಂಜಿಕಿ, ಮಂದಿ ಅಂಜಿಕಿ. ಬ್ಯಾರೆ ಕಾರಣ ಹೇಳಿ ತಪ್ಪಿಸ್ಕೊಳ್ಳಂಗಿಲ್ಲ ನಾನು. ನೀವು ತಿರುಗಿ ನೋಡದ ಹ್ವಾದ್ರಿ ನೋಡ್ರಿ... ಅದರ ಮುಂದ ಉಳಿದ ಅಂಜಿಕಿ ಎಲ್ಲಾ ಸಣ್ಣದಾತು."

ಅವಳ ಕಣ್ಣು ತುಂಬಿತು. ಇಷ್ಟು ದಿನ ಹೊತ್ತುಕೊಂಡ ಕೋಪ ಎಲ್ಲಿಡಬೇಕೋ ತಿಳಿಯದೆ ಕಾರಿನ ಬಾಗಿಲಿಗೆ ಒರಗಿದಳು.

"ನಂಗ ಸಿಟ್ಟು ಇನ್ನೂ ಹೋಗಿಲ್ಲ."

"ಗೊತ್ತೈತಿ."

"ಲಗೂನ ಹೋಗಂಗೂ ಇಲ್ಲ."

"ಹೋಗೂತನ ಬೈರಿ. ಕೇಳ್ಕೋತ ಇಲ್ಲೇ ಇರ್ತೀನಿ."

"ಲಗ್ನ ಆದ ಮ್ಯಾಲೂ ಗಾಡಿ ಹೊಡಿಯಾಕೀನ ನಾನು. ಹಿರೇಹಡಗಲ್ಯಾಗ ಮಂದಿ ಕೇಳಿದ್ರ ಏನಂತೀರಿ?"

ಪ್ರವೀಣ ಒಂದು ಹೆಜ್ಜೆ ಹತ್ತಿರ ಬಂದ. "ನನ್ನ ಹೇಣ್ತಿ ಡ್ರೈವರ್ ಅದಾಳ ಅಂತೀನಿ. ಕೇಳದಿದ್ರೂ ಅಂತೀನಿ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಅವನ ಕೈ ಬಂದು ತನ್ನ ಕೈ ಹಿಡಿದಾಗ ಬಿಡಿಸಿಕೊಳ್ಳಲಿಲ್ಲ.

"ಜೋರಾಗಿ ಅನ್ನಬೇಕು ಮತ್ತ," ಎಂದಳು ಮೆಲ್ಲಗೆ.

"ಜೋರಾಗೇ ಅಂತೀನಿ ಸುಕನ್ಯಾ."