ಲಾಳಿಕೆ ಮೂತಿಯ ಇಂಜಿನ್ನು

"ಚಕ್ರ ಯಾವ ಬಣ್ಣ ಇತ್ತಮ್ಮಿ?" ಎಂದು ಬಸವರಾಜು ಕೇಳಿದ. ಬ್ರಷ್ಷು ಕೈಯಲ್ಲಿ ಹಿಡಿದುಕೊಂಡೇ ಕಾಯುತ್ತಿದ್ದ.

ಮಲ್ಲಿ ಕಣ್ಣು ಮುಚ್ಚಿ, ತುಂಬ ಜ್ಞಾಪಿಸಿಕೊಳ್ಳುವವಳ ಹಾಗೆ ಹುಬ್ಬು ಗಂಟಿಕ್ಕಿದಳು. ಕಣ್ಣು ಬಿಟ್ಟಾಗ ಸ್ಕೂಲಿನ ಮುಂದೆ ಒಂದು ಎತ್ತಿನ ಗಾಡಿ ಹೋಗುತ್ತಿತ್ತು. ಎತ್ತುಗಳ ಕೊಂಬಿಗೆ ಹೊಸದಾಗಿ ಕೆಂಪು ಬಳಿದಿದ್ದರು.

"ಕೆಂಪು ಕಣ್ಲಾ," ಎಂದಳು. "ಒಳ್ಳೆ ಕುಂಕುಮದಂಗಿತ್ತು."

ಬಸವರಾಜು ತಲೆಯಾಡಿಸಿ ಕೆಂಪು ಡಬ್ಬಿಯ ಮುಚ್ಚಳ ತೆಗೆದ. ಮಲ್ಲಿ ಹೇಳಿದ್ದನ್ನು ಅವನು ಒಂದು ಸಲವೂ ಅನುಮಾನಿಸಿದವನಲ್ಲ. ಯಾಕೆಂದರೆ ಹೊಳೆನರಸೀಪುರದ ಇಡೀ ಮಿಡ್ಲ್ ಸ್ಕೂಲಿನಲ್ಲಿ ಆ ಇಂಜಿನ್ನನ್ನು ಕಣ್ಣಾರೆ ಕಂಡವಳು ಮಲ್ಲಿ ಒಬ್ಬಳೇ.

ಅವಳೂ ಕಂಡಿರಲಿಲ್ಲ ಎನ್ನುವುದು ಬೇರೆ ಮಾತು.

ಆದದ್ದು ಇಷ್ಟೇ. ಬಸವರಾಜುವಿನ ತಂದೆ ಪರಮಶಿವಯ್ಯನವರದು ಪೇಟೆ ಬೀದಿಯಲ್ಲಿ ದಿನಸಿ ಅಂಗಡಿ. ಬೆಲ್ಲ ಕಟ್ಟಲು ತಂದ ಹಳೆ ಪೇಪರಿನಲ್ಲಿ ಬಸವರಾಜುವಿಗೆ ಒಂದು ರೈಲು ಇಂಜಿನ್ನಿನ ಚಿತ್ರ ಸಿಕ್ಕಿತು. ಊರಿನ ಸ್ಟೇಷನ್ನಿಗೆ ಬರುವ ಇಂಜಿನ್ನಿನ ಮುಖ ಮುಚ್ಚಳ ಹಾಕಿದ ಹಂಡೆಯಂತೆ ಚಪ್ಪಟೆ. ಈ ಇಂಜಿನ್ನಿಗೆ ಮಾತ್ರ ಮುಂದಕ್ಕೆ ಚಾಚಿದ ಚೂಪು ಮೂತಿ, ಮೂತಿಯ ಮೇಲೆ ದೊಡ್ಡ ನಕ್ಷತ್ರ. ಪ್ಯಾಸೆಂಜರ್ ಗಾಡಿ ಗಾಳಿಯನ್ನು ಸೀಳಿಕೊಂಡು ಓಡಲಿ ಅಂತ ಹಾಗೆ ಮಾಡಿದ್ದಾರೆ ಎಂದು ಡ್ರಾಯಿಂಗ್ ಮೇಷ್ಟ್ರು ಚಂದ್ರಶೇಖರಯ್ಯ ಹೇಳಿದರು. ಚಿತ್ರ ಕಪ್ಪು ಬಿಳುಪು. ನಿಜವಾದ ಬಣ್ಣ ಯಾವುದೋ ಮೇಷ್ಟ್ರಿಗೂ ಗೊತ್ತಿರಲಿಲ್ಲ.

ಅದೇ ವಾರ ಮಲ್ಲಿ ಹುಳುಕು ಹಲ್ಲು ಕೀಳಿಸಿಕೊಳ್ಳಲು ಅಪ್ಪನ ಜೊತೆ ಹಾಸನಕ್ಕೆ ಹೋಗಿ ಬಂದಳು. ಅವಳ ಅಪ್ಪ ಲಕ್ಕಯ್ಯ ಅಮಲ್ದಾರರ ಕಚೇರಿಯಲ್ಲಿ ಜವಾನ. ಮಾರನೇ ದಿನ ಅವಳು ಸ್ಕೂಲಿಗೆ ಬಂದಾಗ ಒಂದು ಕೆನ್ನೆ ಊದಿತ್ತು. ಬಾಯಲ್ಲಿ ಕಡುಬು ಇಟ್ಟುಕೊಂಡು ಬಂದಿದ್ದಾಳೆ ಎಂದು ಕ್ಲಾಸೆಲ್ಲ ನಕ್ಕಿತು. ಮಲ್ಲಿಗೆ ಅಳು ಉಕ್ಕಿ ಬಂತು. ಆದರೆ ಬಾಯಿ ತೆರೆದಾಗ ಬಂದದ್ದು ಅಳುವಲ್ಲ.

"ನಗ್ರಿ, ನಗ್ರಿ. ಹಾಸನದ ಟೇಸನ್‌ನಲ್ಲಿ ಆ ನಕ್ಷತ್ರದ ಇಂಜಿನ್ ನಿಂತಿತ್ತು. ನಾನು ಮುಟ್ಬುಟ್ಟೇ ಬಂದೆ."

ನಗು ಟಕ್ಕೆಂದು ನಿಂತಿತು. ಊದಿದ ಕೆನ್ನೆಯನ್ನು ಎಲ್ಲರೂ ಮರೆತರು. ಹೇಳು ಹೇಳು ಎಂದು ಸುತ್ತ ಮುತ್ತಿಕೊಂಡರು. ಮಲ್ಲಿಗೆ ಆ ದಿನ ಹಲ್ಲುನೋವೂ ಇರಲಿಲ್ಲ.

ಮಾತು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಬಸವರಾಜು ಆ ಇಂಜಿನ್ನಿನ ಮಾಡೆಲ್ ಮಾಡಿ ಹಾಸನದಲ್ಲಿ ನಡೆಯುವ ಸ್ಕೂಲುಗಳ ಎಕ್ಸಿಬಿಷನ್ನಿಗೆ ಒಯ್ಯುತ್ತೇನೆ ಎಂದು ಹೊರಟ. ಅವನದು ಎಲ್ಲದರಲ್ಲೂ ಪಕ್ಕಾ ಲೆಕ್ಕ. ಚಿತ್ರದಲ್ಲಿ ಒಂದೊಂದು ಕಡೆ ಮೂರು ದೊಡ್ಡ ಚಕ್ರ, ಮುಂದೆ ಎರಡು ಚಿಕ್ಕವು, ಹಿಂದೆ ಒಂದು ಎಂದಿದ್ದರೆ ಇವನ ಇಂಜಿನ್ನಿಗೂ ಅಷ್ಟೇ ಇರಬೇಕು. ಬೂಟ್ ಪಾಲಿಶ್ ಡಬ್ಬಿಯ ಮುಚ್ಚಳಗಳು ದೊಡ್ಡ ಚಕ್ರವಾದವು, ದಾರದ ರೀಲುಗಳು ಚಿಕ್ಕ ಚಕ್ರ. ಮುರಿದ ಕೊಡೆಯ ಕಡ್ಡಿಗಳು ಚಕ್ರಗಳನ್ನು ಜೋಡಿಸುವ ಸರಳುಗಳಾದವು. ಬಾಯ್ಲರ್ ಮಾತ್ರ ದಪ್ಪ ಬಿದಿರಿನ ತುಂಡು.

ಮೂತಿಗೆ ಏನು ಮಾಡುವುದೆಂದು ಅವನು ಬಹಳ ತಲೆ ಕೆಡಿಸಿಕೊಂಡ. ಆಮೇಲೆ ಒಂದು ದಿನ ಅಪ್ಪ ಊಟಕ್ಕೆ ಹೋದ ಹೊತ್ತು ನೋಡಿ, ಅಂಗಡಿಯ ಸೀಮೆಎಣ್ಣೆ ಲಾಳಿಕೆಯನ್ನು ಎತ್ತಿಕೊಂಡು ಬಂದ. ಕೊಳವೆ ಕತ್ತರಿಸಿ, ತೂತಿಗೆ ತಗಡು ಮುಚ್ಚಿ, ನಕ್ಷತ್ರ ಬರೆದರೆ ಚಿತ್ರದಲ್ಲಿದ್ದ ಮೂತಿಯೇ ಎದ್ದು ಬಂದಂತಿತ್ತು. ಲಾಳಿಕೆ ಎಲ್ಲಿ ಎಂದು ಅಪ್ಪ ಕೇಳಿದಾಗ, ಹೆಗ್ಗಣ ಎಳೆದುಕೊಂಡು ಹೋಗಿರಬೇಕು ಎಂದ. ನಿಜ ಗೊತ್ತಿದ್ದದ್ದು ಮಲ್ಲಿಗೆ ಮಾತ್ರ. ಪರಮಶಿವಯ್ಯನವರು ಅಂದಿನಿಂದ ಮುತ್ತುಗದೆಲೆಯನ್ನು ಸುರುಳಿ ಸುತ್ತಿ ಸೀಮೆಎಣ್ಣೆ ಸುರಿಯುತ್ತಾ, ಅರ್ಧ ಕಾಲ ಮೇಲೆ ಚೆಲ್ಲಿಕೊಳ್ಳುತ್ತಾ, ಹೆಗ್ಗಣದ ವಂಶವನ್ನೇ ಬೈಯುತ್ತಿದ್ದರು. ಒಂದು ಬೋನನ್ನೂ ತಂದಿಟ್ಟರು.

ಬಣ್ಣದ ಕೆಲಸ ಶುರುವಾದ ಮೇಲೆ ಮಲ್ಲಿಗೆ ಕಷ್ಟ ಶುರುವಾಯಿತು. ಬಸವರಾಜು ದಿನವೂ ಸಂಜೆ ಸ್ಕೂಲಿನ ಜಗಲಿಯಲ್ಲಿ ಕೂತು ಒಂದೊಂದೇ ಕೇಳುತ್ತಿದ್ದ. ಹೊಗೆ ಕೊಳವೆ ಯಾವ ಬಣ್ಣ, ಪಟ್ಟೆ ಎಷ್ಟು ದಪ್ಪ. ಮಲ್ಲಿ ಎದುರಿಗೆ ಕಂಡದ್ದನ್ನೇ ಹೇಳುತ್ತಿದ್ದಳು. ಸೀಬೆ ಮರದಲ್ಲಿ ಗಿಣಿ ಕೂತಿದ್ದರೆ ಪಟ್ಟೆ ಗಿಣಿ ಹಸಿರು. ಅವ್ವ ಒಣಹಾಕಿದ ಸೀರೆ ಜ್ಞಾಪಕಕ್ಕೆ ಬಂದರೆ ಕಲ್ಲಿದ್ದಲ ಡಬ್ಬಿಗೆ ಹಳದಿ ಅಂಚು. ನಿನ್ನೆ ಹೇಳಿದ್ದು ಇವತ್ತು ಮರೆತುಹೋಗಿ, ಹಳದಿಯನ್ನು ಬಿಳಿ ಎಂದಳು. ಬಸವರಾಜು ಬೇಜಾರು ಮಾಡಿಕೊಳ್ಳದೆ ಗಾಜಿನ ಚೂರಿನಿಂದ ಹಳದಿಯನ್ನೆಲ್ಲ ಹೆರೆದು ಬಿಳಿ ಬಳಿದ. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಮಲ್ಲಿಯ ಸುಳ್ಳಿಗೆ ಚಕ್ರಗಳೇ ಇದ್ದವು, ಅದೂ ಕೆಂಪು ಚಕ್ರಗಳು.

ಎಲ್ಲ ಮುಗಿದ ದಿನ ಅವನು ಒಂದು ಪುಟ್ಟ ಹಲಗೆ ತೋರಿಸಿದ. ಅದರ ಮೇಲೆ ಗುಂಡಗೆ ಬರೆದಿದ್ದ: ಹಾಸನ ಸ್ಟೇಷನ್ನಿನಲ್ಲಿ ಈ ಇಂಜಿನ್ನನ್ನು ಕಣ್ಣಾರೆ ಕಂಡವರು ಮಲ್ಲಿಗಮ್ಮ.

"ನಿನ್ನಿಂದ್ಲೇ ಆಗಿದ್ದು ಕಣಮ್ಮಿ," ಎಂದ. ಅವನ ಬೆರಳ ತುದಿಗಳು ಹೆರೆದು ಹೆರೆದು ಸಿಪ್ಪೆ ಎದ್ದಿದ್ದವು. ಮಲ್ಲಿ ಆ ಬೆರಳುಗಳನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿದಳು.

ಇನ್ನೊಂದು ಕೆಲಸ ಮಾತ್ರ ಉಳಿದಿತ್ತು. ಮಾಡೆಲ್ಲಿನ ಕೆಳಗಿಡುವ ಕಂಬಿಗಳ ನಡುವೆ ಎಷ್ಟು ಜಾಗ ಬಿಡಬೇಕು? ಇಬ್ಬರೂ ಗೋಣಿ ದಾರ ತೆಗೆದುಕೊಂಡು ಸ್ಟೇಷನ್ನಿಗೆ ಹೋದರು. ಬಸವರಾಜು ಬಗ್ಗಿ ಎರಡು ಕಂಬಿಗಳ ನಡುವೆ ದಾರ ಹಿಡಿದು ಗಂಟು ಹಾಕಿದ. ಚಿತ್ರವನ್ನೂ ದಾರವನ್ನೂ ಬಹಳ ಹೊತ್ತು ನೋಡಿದ.

"ಈ ಕಂಬಿಗೆ ಆ ಇಂಜಿನ್ ದಪ್ಪ ಆಯ್ತದಲ್ಲಮ್ಮಿ. ಹೊರಕ್ಕೆ ಚಾಚ್ಕೊಂಡಿತ್ತಾ?"

"ಊಂ. ಎರಡೂ ಕಡೆ ಮೊಳ ಮೊಳ ಚಾಚಿತ್ತು," ಎಂದಳು ಮಲ್ಲಿ, ಕಣ್ಣು ಕೂಡ ಮಿಟುಕಿಸದೆ.

ಅವನು ಸಮಾಧಾನವಾಗಿ ಮನೆಗೆ ಹೋದ. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಬೀಡಿ ಸೇದುತ್ತಿದ್ದ, ರೈಲಿನ ಕಂಬಿ ಬದಲಿಸುವ ಪಾಯಿಂಟ್ಸ್‌ಮನ್ ಹುಚ್ಚಯ್ಯ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಮಲ್ಲಿಯನ್ನು ಹತ್ತಿರ ಕರೆದು, ಹಾಸನದಲ್ಲಿ ಕಂಡೆಯಾ ಎಂದು ಕೇಳಿದ. ಮಲ್ಲಿ ಹೌದು ಎಂದಳು. ಹುಚ್ಚಯ್ಯ ಕೆಮ್ಮು ಬರುವ ತನಕ ನಕ್ಕ.

"ಆ ಇಂಜಿನ್ನ ನಾನು ಬೆಂಗ್ಳೂರ್‌ನಾಗೆ ಕಂಡಿವ್ನಿ ಕಣವ್ವ. ಮೈಯೆಲ್ಲ ಕಪ್ಪು, ನಕ್ಷತ್ರ ಬೆಳ್ಳಿ ಬಣ್ಣ. ಬ್ಯಾರೆ ಶೆಡ್ಡಿನೋರು ಬ್ಯಾರೆ ಬಣ್ಣ ಬಳೀತಾರಂತೆ, ಅದಿರ್ಲಿ. ಅದು ಓಡೋದು ಅಗಲದ ಕಂಬಿ ಮ್ಯಾಲೆ. ಅಗಲದ ಕಂಬಿ ಬೆಂಗ್ಳೂರ್‌ಗೇ ಮುಗ್ದೋಯ್ತದೆ. ಹಾಸನದಲ್ಲೂ ಇರೋದು ಇದೇ ಸಣ್ಣ ಕಂಬಿ. ಅಲ್ಲಿ ಆ ಇಂಜಿನ್ ಎಂಗೆ ನಿಂತಾತು?"

ಮಲ್ಲಿ ತಿರುಗಿ ನೋಡದೆ ಮನೆ ಕಡೆ ಓಡಿದಳು. ಹುಚ್ಚಯ್ಯ ನಗುವುದು ಅವಳಿಗೆ ದೊಡ್ಡದಲ್ಲ. ಹಾಸನದಲ್ಲಿ ರೈಲ್ವೆಯವರ ಮನೆಗಳು ಎಷ್ಟೋ ಇವೆ. ಅವರ ಮಕ್ಕಳೆಲ್ಲ ಎಕ್ಸಿಬಿಷನ್ನಿಗೆ ಬರುತ್ತಾರೆ. ಆ ಹಲಗೆ ಓದಿದ ಕೂಡಲೇ ನಗುತ್ತಾರೆ. ಹಾಗೆ ನಗೆಪಾಟಲಾಗುವವನು ಮಾಡೆಲ್ಲಿನ ಪಕ್ಕದಲ್ಲಿ ನಿಂತಿರುವ ಬಸವರಾಜು, ಅವಳಲ್ಲ. ನಗೆಪಾಟಲಾದರೆ ಹೇಗಿರುತ್ತದೆ ಎನ್ನುವುದು ಮಲ್ಲಿಗೆ ಚೆನ್ನಾಗಿ ಗೊತ್ತಿತ್ತು.

ನಿಜ ಹೇಳಿಬಿಡಬಹುದಿತ್ತು. ಆದರೆ ಮಲ್ಲಿಗೆ ಮೊದಲು ಹೊಳೆದದ್ದು ಇನ್ನೊಂದು ಸುಳ್ಳು. ಎಕ್ಸಿಬಿಷನ್ ನಿಂತುಹೋಯಿತಂತೆ, ಅಪ್ಪ ಕಚೇರಿಯಲ್ಲಿ ಕೇಳಿಸಿಕೊಂಡು ಬಂದ ಎಂದಳು. ಬಸವರಾಜು ನೆಟ್ಟಗೆ ಮೇಷ್ಟ್ರ ಮನೆಗೆ ಹೋಗಿ ವಿಚಾರಿಸಿದ. ಏನೂ ನಿಂತಿಲ್ಲ, ನಾಡಿದ್ದು ಬೆಳಿಗ್ಗೆ ರೈಲಿಗೇ ಹೊರಡುವುದು ಎಂದರು ಮೇಷ್ಟ್ರು.

ಆಮೇಲೆ ಅವಳು ಹಲಗೆಯನ್ನೇ ಕದ್ದು ಸ್ಕೂಲಿನ ಹಿಂದಿನ ಸೌದೆ ರಾಶಿಯಲ್ಲಿ ತುರುಕಿದಳು. ಬಸವರಾಜು ಒಂದಿಷ್ಟು ಹುಡುಕಿ, ಸಿಗದೆ, ಹೊಸ ಹಲಗೆ ತಂದು ಮತ್ತೆ ಬರೆದ. ಈ ಸಲ ಹಲಗೆ ದೊಡ್ಡದಿತ್ತು. ಮಲ್ಲಿಗಮ್ಮ ಎನ್ನುವ ಅಕ್ಷರಗಳು ಬೀದಿಯಿಂದಲೇ ಕಾಣುತ್ತಿದ್ದವು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವನು ಮೊಳೆ ಹಿಡಿದುಕೊಂಡಿದ್ದ ಮಲ್ಲಿಯನ್ನು ಕಂಡ. ಅವಳು ಹಲಗೆಯಲ್ಲಿದ್ದ ತನ್ನ ಹೆಸರನ್ನು ಕೆರೆಯುತ್ತಿದ್ದಳು. ಮಲ್ಲಿ ಎನ್ನುವಷ್ಟು ಆಗಲೇ ಹೋಗಿತ್ತು.

"ಏನ್ ಮಾಡ್ತಿದ್ದೀಯಮ್ಮಿ?"

ನೆವ ಹೇಳಲು ಮಲ್ಲಿ ಬಾಯಿ ತೆರೆದಳು. ಅವನ ಸಿಪ್ಪೆ ಎದ್ದ ಬೆರಳುಗಳು ಮತ್ತೆ ಕಣ್ಣಿಗೆ ಬಿದ್ದವು.

"ನಾನು ನೋಡ್ಲಿಲ್ಲ ಕಣ್ಲಾ," ಎಂದಳು. "ಹಲ್ಲು ಕೀಳಿಸ್ಕೊಂಡು ಅತ್ಕೊಂಡು ಬಂದೆ, ಅಷ್ಟೆ. ಆ ಇಂಜಿನ್ ಹಾಸನಕ್ಕೆ ಬರೋದೇ ಇಲ್ವಂತೆ."

ಹುಚ್ಚಯ್ಯ ಹೇಳಿದ್ದನ್ನೆಲ್ಲ ಅವಳು ಹೇಳಿದಳು. ಬಸವರಾಜು ಗೋಡೆಗೆ ಒರಗಿ ಕೂತುಬಿಟ್ಟ. ಕೆಂಪು ಚಕ್ರ ಎಲ್ಲಿಂದ ಬಂತು ಎಂದು ಕೇಳಿದ. ಎತ್ತಿನ ಕೊಂಬು ಎಂದಳು. ಹಸಿರು ಪಟ್ಟೆ? ಗಿಣಿ. ಬಿಳಿ ಅಂಚು? ಅದು ಯಾವುದೆಂದು ಅವಳಿಗೂ ನೆನಪಿರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬಂತೆ ಅಷ್ಟು ದಿನದ ಕೆಲಸ ಒಂದು ಗಳಿಗೆಯಲ್ಲಿ ಬಿದ್ದುಹೋಗಿತ್ತು.

"ಸುಳ್ಳಿ," ಎಂದ ಬಸವರಾಜು. "ನಾನು ನಿನ್ನ ಮಾತನ್ನ ನಂಬಿದ್ದೆ."

ಮಲ್ಲಿಗೆ ಅವನ ಮುಖ ನೋಡಲಾಗಲಿಲ್ಲ. ತಲೆ ತಗ್ಗಿಸಿದಳು. ಅಲ್ಲಿ ಇಂಜಿನ್ನಿನ ಮೂತಿ ಇತ್ತು. ಅವಳ ಕಣ್ಣು ಅಲ್ಲೇ ನಿಂತಿತು. ಬಸವರಾಜುವೂ ಅವಳು ಏನು ನೋಡುತ್ತಿದ್ದಾಳೆಂದು ನೋಡಿದ. ಪೇಟೆ ಬೀದಿಯಲ್ಲಿ ಪರಮಶಿವಯ್ಯನವರು ಹೆಗ್ಗಣವನ್ನು ಬೈಯುವ ದನಿ ಇಲ್ಲಿಗೆ ಕೇಳುತ್ತಿರಲಿಲ್ಲ. ಆದರೂ ಇಬ್ಬರಿಗೂ ಕೇಳಿದಂತಾಯಿತು.

ಮೊದಲು ನಕ್ಕವನು ಬಸವರಾಜು. ಕೋಪದಲ್ಲೇ ನಕ್ಕ. ನಗು ನಿಂತ ಮೇಲೆ ಎರಡು ಗಾಜಿನ ಚೂರು ತಂದು ಒಂದನ್ನು ಮಲ್ಲಿಯ ಮುಂದೆ ಹಾಕಿದ.

"ಹೆರಿ," ಎಂದ.

ಸಂಜೆಯ ತನಕ ಇಬ್ಬರೂ ಹೆರೆದರು. ಗಿಣಿ ಹಸಿರು ಹೋಯಿತು, ಎತ್ತಿನ ಕೊಂಬು ಹೋಯಿತು. ಮಲ್ಲಿಯ ಬೆರಳ ಸಿಪ್ಪೆಯೂ ಎದ್ದಿತು. ಹುಚ್ಚಯ್ಯ ಹೇಳಿದಂತೆ ಮೈಗೆಲ್ಲ ಕಪ್ಪು ಬಳಿದು, ನಕ್ಷತ್ರಕ್ಕೆ ಬೆಳ್ಳಿ ಬಣ್ಣ ಹಚ್ಚಿದರು. ಒಂದು ಚಕ್ರದ ಹಿಂಭಾಗದಲ್ಲಿ ಮಾತ್ರ ಒಂದಿಷ್ಟು ಕೆಂಪು ಉಳಿಯಿತು. ಚಿತ್ರದಲ್ಲಿ ಇಂಜಿನ್ನಿನ ಪಕ್ಕ ನಿಂತಿದ್ದ ಒಬ್ಬ ಮನುಷ್ಯನ ಎತ್ತರ ನೋಡಿ ಅಂದಾಜು ಮಾಡಿ, ಕಂಬಿಗಳನ್ನು ಅಗಲವಾಗಿ ಜೋಡಿಸಿದರು. ಕೊನೆಗೆ ಹಲಗೆಯ ಸರದಿ ಬಂತು. ಮಲ್ಲಿ ಪಕ್ಕದಲ್ಲೇ ಕೂತು, ನನ್ನ ಸುಳ್ಳನ್ನು ಬರೆದರೆ ನಿನ್ನದನ್ನೂ ಬರೆಯಬೇಕು ಎಂದು ಹಟ ಹಿಡಿದಳು. ಬಸವರಾಜು ಬಹಳ ಹೊತ್ತು ಬ್ರಷ್ಷು ಕಚ್ಚಿಕೊಂಡು ಕೂತಿದ್ದು ಆಮೇಲೆ ಬರೆದ.

ಹಾಸನದ ಎಕ್ಸಿಬಿಷನ್ನಿನಲ್ಲಿ ಇಂಜಿನ್ನಿನ ಮುಂದೆ ಜನ ಸೇರಿದ್ದರು. ಮೇಷ್ಟ್ರ ಜೊತೆ ಬಂದಿದ್ದ ಬಸವರಾಜು, ಮಲ್ಲಿ ಇಬ್ಬರೂ ಪಕ್ಕದಲ್ಲೇ ನಿಂತಿದ್ದರು. ಅಂಗಡಿಗೆ ಸಾಮಾನು ಕೊಳ್ಳಲು ಬಂದಿದ್ದ ಪರಮಶಿವಯ್ಯನವರೂ ಮಗನ ಕೆಲಸ ನೋಡಲು ಬಂದರು. ಬೈತಲೆ ತೆಗೆದು ಎಣ್ಣೆ ಹಾಕಿ ಬಾಚಿದ ಒಬ್ಬ ಹುಡುಗ ಹಲಗೆಯನ್ನು ಗಟ್ಟಿಯಾಗಿ ಓದುತ್ತಿದ್ದ.

"ಚಿತ್ರ ನೋಡಿ ಮಾಡಿದ್ದು. ಬಣ್ಣ ಹೇಳಿದವರು ಪಾಯಿಂಟ್ಸ್‌ಮನ್ ಹುಚ್ಚಯ್ಯನವರು. ಮಲ್ಲಿಗಮ್ಮ ಈ ಇಂಜಿನ್ ನೋಡಿಲ್ಲ. ಮೂತಿ, ಪರಮಶಿವಯ್ಯನವರ ಅಂಗಡಿಯ ಲಾಳಿಕೆ. ಇದರಲ್ಲಿ ಹೆಗ್ಗಣದ ತಪ್ಪಿಲ್ಲ."

ಬಸವರಾಜು ಮೆಲ್ಲಗೆ ಮೇಷ್ಟ್ರ ಹಿಂದಕ್ಕೆ ಸರಿದ. ಪರಮಶಿವಯ್ಯನವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಹಲಗೆಯನ್ನು ತಾವೇ ಇನ್ನೊಂದು ಸಲ ಓದಿದರು. ಆಮೇಲೆ ಮೂತಿಯನ್ನು ಉಗುರಿನಿಂದ ಕುಟ್ಟಿದರು. ಟಣ್ ಎಂದಿತು.

"ಆ ಬೋನಿಗೆ ದಿನಾ ಕೊಬ್ರಿ ಚೂರು ಇಡ್ತಾ ಇವ್ನಲ್ಲಾ ನಾನು," ಎಂದರು.

ಪಕ್ಕದಲ್ಲಿದ್ದವರೊಬ್ಬರು, ಆ ಪರಮಶಿವಯ್ಯನವರು ನೀವೇ ಏನು ಎಂದು ವಿಚಾರಿಸಿದರು. ಪರಮಶಿವಯ್ಯನವರು ಮಗನ ಕಡೆ ಒಮ್ಮೆ ಕೆಂಗಣ್ಣು ಬಿಟ್ಟರು. ಆದರೆ ಅವರ ಬೆನ್ನು ನೆಟ್ಟಗಾಯಿತು.

"ಊಂ. ನಮ್ದೇ ಲಾಳಿಕೆ," ಎಂದರು.

ಅಷ್ಟರಲ್ಲಿ ಬೈತಲೆಯ ಹುಡುಗ ಮಲ್ಲಿಯ ಕಡೆ ತಿರುಗಿದ.

"ನೋಡ್ದೆ ಇರೋ ಮಲ್ಲಿಗಮ್ಮ ಅಂದ್ರೆ ನೀನೇನಾ?"

ಮಲ್ಲಿಯ ನಾಲಿಗೆ ಹಲ್ಲು ಕಿತ್ತ ಜಾಗಕ್ಕೆ ಹೋಯಿತು. ಅವಳ ಹತ್ತಿರ ಒಂದು ಒಳ್ಳೆಯ ಉತ್ತರ ಆಗಲೇ ತಯಾರಾಗಿತ್ತು. ಅದನ್ನು ನುಂಗಿಕೊಂಡಳು.

"ಊಂ, ನಾನೇ," ಎಂದಳು.

ನೋಡದವಳ ಹೆಸರು ಯಾಕೆ ಬರೆದಿದ್ದಾರೆ ಎಂದು ಅವನು ಕೇಳಿದ. ಮಲ್ಲಿ ಹಲ್ಲು ಕೀಳಿಸಿಕೊಂಡದ್ದರಿಂದ ಶುರು ಮಾಡಿದಳು. ಊದಿದ ಕೆನ್ನೆ, ಎತ್ತಿನ ಕೊಂಬು, ಗಿಣಿ, ಮೊಳ ಮೊಳ ಚಾಚಿದ ಇಂಜಿನ್ನು. ಕೇಳುತ್ತಿದ್ದವನು ಒಬ್ಬನೇ ಇದ್ದದ್ದು ಇಬ್ಬರಾದರು, ಆಮೇಲೆ ಒಂದು ಗುಂಪಾಯಿತು. ಹಿಂದಿದ್ದ ಹುಡುಗಿ ಕಾಣುವುದಿಲ್ಲವೆಂದು ಬೆಂಚು ಹತ್ತಿ ನಿಂತಳು. ಕೆನ್ನೆಯ ವಿಷಯಕ್ಕೆ ನಕ್ಕರು, ಆದರೆ ಈ ನಗು ಚುಚ್ಚಲಿಲ್ಲ.

ಹುಚ್ಚಯ್ಯ ಕೆಮ್ಮಿ ಕೆಮ್ಮಿ ನಕ್ಕ ಜಾಗಕ್ಕೆ ಬಂದಾಗ ಮಲ್ಲಿ ಉಸಿರು ತೆಗೆದುಕೊಳ್ಳಲು ನಿಂತಳು. ಇದರಲ್ಲಿ ಅವಳು ಕಟ್ಟಿ ಹೇಳಿದ್ದು ಒಂದೂ ಇರಲಿಲ್ಲ. ಆದರೂ ಯಾರೂ ಬಿಟ್ಟು ಹೋಗಿರಲಿಲ್ಲ. ಅವಳಿಗೇ ಆಶ್ಚರ್ಯವಾಯಿತು. ಎಲ್ಲ ಗೊತ್ತಿದ್ದ ಬಸವರಾಜು ಕೂಡ ಮೇಷ್ಟ್ರ ಹಿಂದಿನಿಂದ ತಲೆ ಹೊರಗೆ ಹಾಕಿ ಕೇಳುತ್ತಿದ್ದ.

"ಆಮ್ಯಾಲೇನಾಯ್ತು?" ಎಂದು ಬೆಂಚಿನ ಮೇಲಿನ ಹುಡುಗಿ ಕೇಳಿದಳು.

ಮಲ್ಲಿ ಬಣ್ಣ ಅಂಟಿದ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಮುಂದಿನದನ್ನು, ಆದದ್ದು ಆದ ಹಾಗೆಯೇ, ಹೇಳತೊಡಗಿದಳು.